ಹಗ್ಗದ ತುದಿಯ ಫಲಾನುಭವಿ

ನನ್ನದೊಂದು ದುರಭ್ಯಾಸವನ್ನು ಮೊದಲೇ ಹೇಳಿಬಿಡುತ್ತೇನೆ. ಎಲೆ ಅಡಿಕೆ, ನಶ್ಯ, ಇಸ್ಪೀಟು ಇವು ಯಾವುವೂ ನನಗಿಲ್ಲ. ಆದರೆ ಯಾವುದೇ ಕಾರ್ಯಕ್ರಮ ನಡೆಯುವ ಮೊದಲೇ ಅದರ ವರದಿ ಬರೆದುಬಿಡುತ್ತೇನೆ. ಮದುವೆಗೆ ಹೋಗುವ ಮುಂಚೆಯೇ ಊಟ ಚೆನ್ನಾಗಿತ್ತು ಎಂದು ಹೇಳಲು ಸಿದ್ಧನಾಗಿರುವ ಜನ ಇರುತ್ತಾರಲ್ಲ, ನಾನು ಆ ಪೈಕಿ. ಇದಕ್ಕೆ ಕಾರಣ ನನ್ನ ಉದ್ಯೋಗವಿರಬೇಕು. ದಾವಣಗೆರೆಯ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ನಾನು ಸೂಪರಿಂಟೆಂಡೆಂಟ್. ಇಪ್ಪತ್ತೇಳು ವರ್ಷದಿಂದ ಹೆಸರಿನ ಜಾಗ ಖಾಲಿ ಬಿಟ್ಟ ಪತ್ರಗಳಲ್ಲೇ ಬದುಕಿದ್ದೇನೆ. ನಡತೆ ಪ್ರಮಾಣಪತ್ರವಾದರೂ ಅಷ್ಟೆ, ಸಂತಾಪ ಸೂಚನೆಯಾದರೂ ಅಷ್ಟೆ. ಹೆಸರು ತುಂಬಿದರೆ ಆಯಿತು, ಮನುಷ್ಯ ಸಿದ್ಧ.

ಇದರಿಂದ ಒಮ್ಮೆ ಪೇಚಾಟವೂ ಆಗಿತ್ತು. ನಮ್ಮ ಸೇವಾ ಬಳಗದ ವಾರ್ಷಿಕೋತ್ಸವಕ್ಕೆ ಬರಬೇಕಿದ್ದ ಮುಖ್ಯ ಅತಿಥಿಗಳ ಕಾರು ಶಾಮನೂರಿನ ಹತ್ತಿರ ಕೆಟ್ಟು ನಿಂತಿತು. ಅವರು ಬರಲೇ ಇಲ್ಲ. ಆದರೆ ಅವರು ದೀಪ ಬೆಳಗಿಸಿ ಯುವಜನರಿಗೆ ಕರೆ ನೀಡಿದ ವರದಿ ಆಗಲೇ ಪತ್ರಿಕೆಗೆ ಹೋಗಿತ್ತು. ಮರುದಿನ ಅಚ್ಚಾಗಿಯೂ ಬಂತು. ಬೈಯುತ್ತಾರೆಂದು ನಾನು ಹೆದರಿ ಕುಳಿತಿದ್ದರೆ, ಅತಿಥಿಗಳೇ ಫೋನು ಮಾಡಿ, ನನ್ನ ಭಾಷಣವನ್ನು ಇಷ್ಟು ಚೆನ್ನಾಗಿ ಯಾರೂ ಹಿಡಿದಿಟ್ಟಿರಲಿಲ್ಲ ಎಂದು ಹೊಗಳಿದರು. ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರೇ ಇಲ್ಲದಂತಾಯಿತು. ಬಳಗದ ಎಲ್ಲ ಸೇವೆಗೂ ಸಲ್ಲುವ ಒಂದು ವರದಿಯನ್ನು ತಯಾರಿಸಿಟ್ಟುಕೊಂಡೆ. ಅದು ಹೀಗೆ ಮುಗಿಯುತ್ತಿತ್ತು: ‘ಅಸಹಾಯಕ ವೃದ್ಧರಾದ ಶ್ರೀ ಖಾಲಿ ಜಾಗ ಇವರಿಗೆ ಬಳಗದ ವತಿಯಿಂದ ಖಾಲಿ ಜಾಗ ವಿತರಿಸಲಾಯಿತು. ಫಲಾನುಭವಿಯು ಕಣ್ತುಂಬಿ ಬಂದು ಮಾತು ಹೊರಡದೆ ಕೈಮುಗಿದರು.’ ಪ್ರತಿ ತಿಂಗಳೂ ಯಾರೋ ಒಬ್ಬರು ಪತ್ರಿಕೆಯಲ್ಲಿ ಅಳುತ್ತಿದ್ದರು. ನಿಜವಾಗಿ ಅತ್ತವರನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಹೆಚ್ಚಿನವರು ಪೊಟ್ಟಣ ಇಸಿದುಕೊಂಡು, ಇಷ್ಟೇ ಏನು ಎನ್ನುವ ಹಾಗೆ ಅದನ್ನು ತಿರುಗಿಸಿ ನೋಡುತ್ತಿದ್ದರು.

ನಮ್ಮ ಬಳಗದ ಹೆಸರು ‘ನೆರಳು-ನೀರು ಸೇವಾ ಬಳಗ’. ಅಧ್ಯಕ್ಷರು ಕೊಟ್ರಪ್ಪನವರು, ಮಂಡಿಪೇಟೆಯಲ್ಲಿ ಬೆಲ್ಲದ ಸಗಟು ವ್ಯಾಪಾರ, ದೊಡ್ಡ ದನಿ, ಎರಡೂ ಮಂಡಿಯಲ್ಲಿ ನೋವು. ನಾನು ಕಾರ್ಯದರ್ಶಿ. ಚುನಾವಣೆ ನಡೆದರೂ ನಾನೇ ಕಾರ್ಯದರ್ಶಿ, ಏಕೆಂದರೆ ಹೊಸಬರ ಆಯ್ಕೆಯ ವರದಿಯನ್ನೂ ನಾನೇ ಮೊದಲು ಬರೆದಿರುತ್ತೇನೆ. ನಮ್ಮಂಥ ಬಳಗಗಳಿಗೆಲ್ಲ ಮೇಲೊಂದು ಮಹಾಮಂಡಳಿ ಇದೆ. ಒಂದು ತಿಂಗಳೂ ತಪ್ಪದೆ ಸೇವೆ ಮಾಡಿದ ಬಳಗಕ್ಕೆ ಅದು ‘ಅಖಂಡ ಸೇವಾ ಫಲಕ’ ಕೊಡುತ್ತದೆ. ತೇಗದ ಮರದ ಮೇಲೆ ಹಿತ್ತಾಳೆಯ ಎರಡು ಕೈಗಳಿರುವ ಆ ಫಲಕ ಹನ್ನೊಂದು ವರ್ಷದಿಂದ ನಮ್ಮ ಮನೆಯ ಶೋಕೇಸಿನಲ್ಲಿತ್ತು. ಅದಕ್ಕೆ ಜಾಗ ಮಾಡಲು ನನ್ನ ಹೆಂಡತಿ ಗಿರಿಜಾ ತನ್ನ ತವರಿನ ಪಿಂಗಾಣಿ ಕಪ್ಪುಗಳನ್ನು ಅಟ್ಟಕ್ಕೆ ಹಾಕಬೇಕಾಗಿ ಬಂದಿತ್ತು. ಅದನ್ನು ಅವಳು ಮರೆತಿರಲಿಲ್ಲ.

ಒಂದು ತಿಂಗಳು ಸೇವೆ ತಪ್ಪಿದರೆ ಫಲಕ ಎರಡನೆಯ ಸ್ಥಾನದಲ್ಲಿರುವ ಬಳಗಕ್ಕೆ ಹೋಗಬೇಕು. ಎರಡನೆಯ ಸ್ಥಾನದಲ್ಲಿದ್ದದ್ದು ಹರಿಹರದ ‘ಹೊಳೆದಂಡೆ ಸೇವಾ ಬಳಗ’. ಅದರ ಕಾರ್ಯದರ್ಶಿ ಚಂದ್ರಪ್ಪ, ನನ್ನ ಷಡ್ಡಕ. ಗಿರಿಜಾಳ ತಂಗಿ ಉಮಾಳ ಗಂಡ. ಅವನು ನಮ್ಮ ಮನೆಗೆ ಬಂದಾಗಲೆಲ್ಲ ಶೋಕೇಸಿನ ಬಾಗಿಲು ತೆಗೆದು, ಜೇಬಿನ ಕರವಸ್ತ್ರದಿಂದ ಆ ಹಿತ್ತಾಳೆಯ ಕೈಗಳನ್ನು ಒರೆಸಿ, ‘ಧೂಳು ಕೂತೈತೆ ಅಣ್ಣಾ’ ಎನ್ನುತ್ತಿದ್ದ. ಬೀಗರ ಮನೆಗೆ ಬಂದು ಮದುವೆಯಾಗಬೇಕಾದ ಹುಡುಗಿಯನ್ನು ನೋಡಿದ ಹಾಗೆ ನೋಡುತ್ತಿದ್ದ. ಆ ಫಲಕ ಹರಿಹರದಲ್ಲಿ ಅವರ ಮನೆಯ ಟೀವಿಯ ಪಕ್ಕದಲ್ಲಿ ಕೂತಿರುವುದನ್ನು ನೆನೆಸಿಕೊಂಡರೇ ನನಗೆ ಊಟ ಸೇರುತ್ತಿರಲಿಲ್ಲ.

ಹಾಗಾಗದಿರಲೆಂದು ನಾನು ಮಹಾಮಂಡಳಿಯಲ್ಲಿ ಒಂದು ನಿಯಮವನ್ನೂ ಮಾಡಿಸಿದ್ದೆ. ಹಿಂದೊಮ್ಮೆ ಕುಕ್ಕುವಾಡದ ಶಾಲೆಯ ಮಕ್ಕಳಿಗೆ ಬೆಳಿಗ್ಗೆ ನಾವು ನೋಟುಪುಸ್ತಕ ಕೊಟ್ಟು ಬಂದರೆ, ಮಧ್ಯಾಹ್ನ ಚಂದ್ರಪ್ಪನ ಬಳಗ ಅದೇ ಮಕ್ಕಳಿಗೆ ಪೆನ್ಸಿಲು ಕೊಟ್ಟು ತಮ್ಮ ಸೇವೆ ಎಂದು ಬರೆದುಕೊಂಡಿತು. ನಾನು ಹಟ ಹಿಡಿದು ಠರಾವು ಮಂಡಿಸಿದೆ: ಒಬ್ಬ ಫಲಾನುಭವಿಗೆ ಒಂದು ತಿಂಗಳಲ್ಲಿ ಯಾವ ಬಳಗದ ಪೊಟ್ಟಣ ಮೊದಲು ಕೈ ಸೇರುತ್ತದೋ ಆ ಬಳಗದ ಸೇವೆ ಮಾತ್ರ ಊರ್ಜಿತ. ತಕರಾರು ಬಂದರೆ ಫಲಾನುಭವಿಯ ಲಿಖಿತ ಹೇಳಿಕೆಯೇ ಅಂತಿಮ. ಠರಾವು ಪಾಸಾದ ದಿನ ನಾನು ಚಂದ್ರಪ್ಪನಿಗೆ ಮಂಡಕ್ಕಿ ಮಿರ್ಚಿ ಕೊಡಿಸಿ ಸಮಾಧಾನ ಮಾಡಿದೆ. ಆ ಖುಷಿಯಲ್ಲಿಯೇ ನನ್ನ ಖಾಲಿ ಜಾಗದ ವರದಿಯ ಒಂದು ನಕಲನ್ನೂ ಅವನಿಗೆ ಕೊಟ್ಟೆ. ಆ ನಿಯಮವೂ ಈ ನಕಲೂ ಮುಂದೆ ಎಲ್ಲಿಗೆ ಬಂದು ನಿಂತವು ಎಂಬುದನ್ನು ಹೇಳುತ್ತೇನೆ.

ಇನ್ನು ನಮ್ಮ ಬಳಗದ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ಏನನ್ನೇ ಕೊಡಲಿ, ಕೊಡುವಾಗ ಎಲ್ಲ ಸದಸ್ಯರ ಕೈಯೂ ಅದಕ್ಕೆ ತಾಗಿರಬೇಕು, ಫೋಟೋದಲ್ಲಿ ಕಾಣಬೇಕು. ಒಂದು ಬ್ರೆಡ್ಡಿನ ಪೊಟ್ಟಣ ಕೊಟ್ಟರೂ ಎಂಟು ಕೈ. ಒಮ್ಮೆ ಒಬ್ಬ ಅಜ್ಜನಿಗೆ ಕನ್ನಡಕ ಕೊಡುವಾಗ ಎಂಟು ಜನ ಕೈ ಹಾಕಿ ಅದರ ಒಂದು ಕಾಲು ಮುರಿದೇ ಹೋಯಿತು. ಅಜ್ಜ ದಾರ ಕಟ್ಟಿಕೊಂಡು ಫೋಟೋಕ್ಕೆ ನಿಂತರು. ಕೈ ತಾಗದವರು ಮುಂದಿನ ಸಭೆಗೆ ಬರುವುದಿಲ್ಲ, ಬಂದರೂ ಚಹಾ ಕುಡಿಯುವುದಿಲ್ಲ. ಹೀಗೆ ಸುಖವಾಗಿ ಕೈ ತಾಗಿಸಿಕೊಂಡು ಇರುವಾಗ ಕೊರೊನಾ ಬಂತು. ಒಬ್ಬರಿಂದ ಒಬ್ಬರು ಆರಡಿ ದೂರ ನಿಲ್ಲಬೇಕೆಂದು ಅಪ್ಪಣೆಯಾಯಿತು.

ಆ ತಿಂಗಳ ಸಭೆಯನ್ನು ಮೊಬೈಲಿನಲ್ಲಿ ಸೇರಿದೆವು. ಕೊಟ್ರಪ್ಪನವರು ಫೋನನ್ನು ಮೇಜಿನ ಮೇಲೆ ಮಲಗಿಸಿಟ್ಟಿದ್ದರಿಂದ ಒಂದು ಗಂಟೆ ಹೊತ್ತು ನಾವೆಲ್ಲ ಅವರ ಮನೆಯ ಸೀಲಿಂಗ್ ಫ್ಯಾನಿನ ಅಧ್ಯಕ್ಷತೆಯಲ್ಲಿ ಕುಳಿತಿದ್ದೆವು. ಯಾರದೋ ಮನೆಯ ಮಿಕ್ಸಿ ಸ್ವಾಗತ ಭಾಷಣ ಮಾಡಿತು. ಸೇವೆ ನಿಲ್ಲಬಾರದು ಎಂಬುದರಲ್ಲಿ ಎಲ್ಲರದೂ ಒಂದೇ ಮಾತು. ಆದರೆ ಎಂಟು ಜನ ಆರಡಿ ದೂರ ನಿಂತು ಒಂದೇ ಪೊಟ್ಟಣ ಮುಟ್ಟುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಮೌನವಾದರು. ಒಬ್ಬಿಬ್ಬರ ಮೌನ ಸಿಗ್ನಲ್ ಇಲ್ಲದ್ದರಿಂದ ಬಂದದ್ದು, ಅದು ಬೇರೆ. ಈ ವರ್ಷ ಒಬ್ಬೊಬ್ಬರೇ ಕೊಡೋಣ ಎಂದು ನಾನು ಸೂಚಿಸಿದೆ. ಆ ಒಬ್ಬ ಯಾರು ಎಂದು ಏಳು ಜನ ಒಟ್ಟಿಗೆ ಕೇಳಿದರು.

ಆಗ ಬಚ್ಚಲ ಮನೆಯ ಹಿಂದಿನ ಬಟ್ಟೆ ಒಣಗಿಸುವ ಹಗ್ಗ ನನ್ನ ಕಣ್ಣಿಗೆ ಬಿತ್ತು. ಐವತ್ತು ಅಡಿಯ ಗಟ್ಟಿ ನೂಲಿನ ಹಗ್ಗ. ಹಗ್ಗದ ಒಂದು ತುದಿಗೆ ಪೊಟ್ಟಣ ಕಟ್ಟುವುದು, ಉಳಿದ ಉದ್ದಕ್ಕೆ ಆರಾರು ಅಡಿಗೊಬ್ಬರಂತೆ ಎಂಟು ಜನ ಹಿಡಿದುಕೊಳ್ಳುವುದು. ಎಲ್ಲರ ಕೈಯೂ ಹಗ್ಗಕ್ಕೆ, ಹಗ್ಗ ಪೊಟ್ಟಣಕ್ಕೆ. ಇದನ್ನು ಹೇಳಿದಾಗ ಕೊಟ್ರಪ್ಪನವರು ಮೊದಲ ಬಾರಿಗೆ ಫೋನು ಎತ್ತಿ ಮುಖ ತೋರಿಸಿದರು. ಅವರ ಕಣ್ಣಲ್ಲಿ ನನ್ನ ಬಗ್ಗೆ ಗೌರವವಿತ್ತು. ಗಿರಿಜಾ ಮಾತ್ರ ಬಟ್ಟೆ ಎಲ್ಲಿ ಒಣಗಿಸಲಿ ಎಂದು ಕೇಳಿದಳು. ನಾನು ಸಮಾಜದ ಕಷ್ಟದ ಬಗ್ಗೆ ಹೇಳಿದೆ. ಅವಳು ಒದ್ದೆ ಲುಂಗಿಯನ್ನು ತಂದು ಫಲಕದ ಮೇಲೆ ಹರವಿದಳು.

ಮೊದಲ ಹಗ್ಗದ ಸೇವೆ ಶಾಮನೂರಿನಲ್ಲಿ ನಡೆಯಿತು. ಬಳಗದ ಸದಸ್ಯನೂ ಫೋಟೋಗ್ರಾಫರನೂ ಆದ ಮಂಜುನಾಥ ಕೆಳಗೆ ನಿಂತು ಎಷ್ಟೇ ಹಿಂದೆ ಸರಿದರೂ ಐವತ್ತು ಅಡಿ ಫೋಟೋದೊಳಗೆ ಹಿಡಿಯಲಿಲ್ಲ. ಕೊನೆಗೆ ಎದುರಿನ ಮನೆಯ ಮಹಡಿ ಹತ್ತಿ, ಕ್ಯಾಮೆರಾಕ್ಕೆ ಟೈಮರ್ ಹಾಕಿ, ಓಡಿ ಬಂದು ಎಂಟನೆಯವನಾಗಿ ಹಗ್ಗ ಹಿಡಿಯುತ್ತಿದ್ದ. ಪ್ರತಿ ಸಲವೂ ಅವನು ಮೆಟ್ಟಿಲಿನ ಮೇಲಿರುವಾಗಲೇ ಫೋಟೋ ಆಗಿಬಿಡುತ್ತಿತ್ತು. ಮಾಸ್ಕಿನಿಂದ ಯಾರು ಯಾರೆಂದು ತಿಳಿಯದು. ಕೊಟ್ರಪ್ಪನವರು ಮಾಸ್ಕನ್ನು ಗದ್ದಕ್ಕೆ ಇಳಿಸಿ, ಅಧ್ಯಕ್ಷರಿಗೆ ವಿನಾಯಿತಿ ಇರುತ್ತದೆ ಎಂದರು. ಪೊಟ್ಟಣ ಪಡೆಯಬೇಕಿದ್ದ ಅಜ್ಜಿ ಬಾಗಿಲಿಗೆ ಬಂದು, ಬಿಸಿಲಿನಲ್ಲಿ ಹಗ್ಗ ಹಿಡಿದು ಸಾಲಾಗಿ ನಿಂತ ನಮ್ಮನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿತು.

“ಯಾಕ್ರಪ್ಪಾ, ಯಾರದರ ಎಮ್ಮೆ ಬಾವಿಗೆ ಬಿದ್ದೈತೇನು?” ಎಂದು ಕೇಳಿತು.

ವರದಿಯಲ್ಲಿ ಅಜ್ಜಿ ಕಣ್ತುಂಬಿ ಬಂದು ಕೈಮುಗಿದರು ಎಂದೇ ಬಂತು.

ಮೊದಲ ಎರಡು ತಿಂಗಳು ಹಗ್ಗ ನಮ್ಮ ಕೈ ಹಿಡಿಯಿತು. ಆಮೇಲೆ ಇನ್ನೊಂದು ಕಷ್ಟ ಶುರುವಾಯಿತು. ದಾವಣಗೆರೆಯಲ್ಲಿ ಸೇವೆ ಮಾಡುವವರು ಎಷ್ಟು ಜನ ಇದ್ದಾರೆಂಬುದು ಆವರೆಗೆ ನನಗೆ ಗೊತ್ತಿರಲಿಲ್ಲ. ಯಾವ ಓಣಿಗೆ ಹೋದರೂ ಅಲ್ಲಿಗೆ ಇನ್ನೊಂದು ಸಂಸ್ಥೆಯವರು ಹೋಗಿ ಬಂದಿರುತ್ತಿದ್ದರು. ನಿಜವಾಗಿ ಕಷ್ಟದಲ್ಲಿದ್ದವರಿಗೆ ಅಕ್ಕಪಕ್ಕದವರೇ ಸದ್ದಿಲ್ಲದೆ ಅನ್ನ ಮುಟ್ಟಿಸಿರುತ್ತಿದ್ದರು. ನಾವು ಬ್ಯಾನರು, ಹಗ್ಗ ಎಲ್ಲ ಹೊತ್ತು ಹೋಗುವಷ್ಟರಲ್ಲಿ ಅಲ್ಲಿ ಹಸಿದವರು ಉಳಿದಿರುತ್ತಿರಲಿಲ್ಲ. ಒಬ್ಬ ಮನುಷ್ಯ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ, ನಿಮ್ಮದರಲ್ಲಿ ಯಾವ ಎಣ್ಣೆ ಇದೆ, ನಿನ್ನೆ ಬಂದವರು ಶೇಂಗಾ ಎಣ್ಣೆ ಕೊಟ್ಟಿದ್ದಾರೆ ಎಂದು ವಿಚಾರಿಸಿದ. ನಮ್ಮದರಲ್ಲಿ ಎಣ್ಣೆಯೇ ಇರಲಿಲ್ಲ. ರವೆ ಇತ್ತು. ಪೊಟ್ಟಣದಲ್ಲಿ ಏನಿರಬೇಕೆಂದು ತೀರ್ಮಾನಿಸಿದ್ದು ನಾನೇ: ಬಹುಪಾಲು ರವೆ, ಒಂದು ಸಾಬೂನು, ಎರಡು ಮಾಸ್ಕು, ಮತ್ತು ಬಳಗದ ಬೆಳ್ಳಿಹಬ್ಬಕ್ಕೆ ನಾನೇ ಬರೆದು ಅಚ್ಚು ಹಾಕಿಸಿದ ಇತಿಹಾಸದ ಪುಸ್ತಕದ ಒಂದು ಪ್ರತಿ. ಅದರ ಪ್ರತಿಗಳು ನಮ್ಮ ಮಂಚದ ಕೆಳಗೆ ಬಹಳ ಉಳಿದಿದ್ದವು. ರವೆ ಎಲ್ಲರಿಗೂ ಇಷ್ಟ, ದಿನಾ ತಿಂದರೂ ಬೇಸರ ಬರುವುದಿಲ್ಲ ಎಂದು ಠರಾವಿನಲ್ಲಿ ನಾನೇ ಬರೆದಿದ್ದೆ.

ಆಗಸ್ಟ್ ತಿಂಗಳು ಬಂದಾಗ ಫಲಾನುಭವಿಗಳು ಸಿಗುವುದೇ ನಿಂತುಹೋಯಿತು. ಚಂದ್ರಪ್ಪ ದಿನಕ್ಕೊಮ್ಮೆ ಫೋನು ಮಾಡಿ, ನಿಮಗೆ ಯಾರಾದರೂ ಸಿಕ್ಕರೇ ಎಂದು ಕೇಳುವನು. ನಮಗೇನು ಬೇಕಾದಷ್ಟು ಜನ ಇದ್ದಾರೆ ಎಂದು ನಾನು, ನಮಗೂ ಇದ್ದಾರೆ ಎಂದು ಅವನು. ತಿಂಗಳ ವರದಿಯನ್ನು ನಾನು ಎಂದಿನಂತೆ ಮೊದಲನೆಯ ತಾರೀಖೇ ಬರೆದು, ಹೆಸರಿನ ಜಾಗ ಬಿಟ್ಟು, ಕೊಟ್ರಪ್ಪನವರಿಗೆ ಕಳಿಸಿದ್ದೆ. ಇಪ್ಪತ್ತನೆಯ ತಾರೀಖಾದರೂ ಆ ಜಾಗ ಖಾಲಿಯೇ ಇತ್ತು. ಇನ್ನು ಹತ್ತು ದಿನದಲ್ಲಿ ಒಬ್ಬ ಅಸಹಾಯಕ ವೃದ್ಧ ಸಿಗದಿದ್ದರೆ ಹನ್ನೊಂದು ವರ್ಷದ ಫಲಕ ಹೊಳೆಯ ದಂಡೆ ಸೇರುತ್ತಿತ್ತು. ನಾನು ಬೀದಿಯಲ್ಲಿ ಹೋಗುವ ಮುದುಕರನ್ನೆಲ್ಲ ಆಸೆಯಿಂದ ನೋಡತೊಡಗಿದೆ.

ಇಪ್ಪತ್ತೆರಡನೆಯ ತಾರೀಖು ನನಗೆ ಜ್ವರ ಬಂತು. ಪರೀಕ್ಷೆ ಮಾಡಿಸಿದರೆ ಪಾಸಿಟಿವ್. ಕೆಮ್ಮು ಹೆಚ್ಚಿಲ್ಲ, ಮನೆಯಲ್ಲೇ ಇರಿ ಎಂದರು. ಗಿರಿಜಾಳಿಗೆ ನೆಗೆಟಿವ್ ಬಂದರೂ ಅವಳೂ ನನ್ನ ಜೊತೆ ಒಳಗೇ. ಸಿಬ್ಬಂದಿ ಬಂದು ಗೇಟಿಗೆ ಅಡ್ಡಲಾಗಿ ಟೇಪು ಸುತ್ತಿ ಚೀಟಿ ಅಂಟಿಸಿ ಹೋದರು. ನಿಮ್ಮ ಸಂಪರ್ಕಕ್ಕೆ ಬಂದವರು ಯಾರು ಎಂದು ಕೇಳಿದಾಗ ನಾನು ಬಳಗದ ಏಳು ಜನರ ಹೆಸರು ಹೇಳಿ, ಹಗ್ಗದ ಪದ್ಧತಿಯನ್ನೂ ವಿವರಿಸಿದೆ. ಅವರು ಪೆನ್ನು ಮುಚ್ಚಿ, ಆರಡಿ ದೂರ ಇದ್ದಿರೆಂದ ಮೇಲೆ ಅವರು ಸಂಪರ್ಕವಲ್ಲ ಎಂದು ಹೆಸರುಗಳನ್ನು ಹೊಡೆದುಹಾಕಿದರು. ನನ್ನ ಹಗ್ಗದಿಂದ ನಿಜವಾಗಿ ಜನಕ್ಕೆ ಆದ ಉಪಕಾರ ಇದೊಂದೇ ಎಂದು ಕಾಣುತ್ತದೆ.

ನಾನು ಹಿಂದಿನ ಕೋಣೆಯಲ್ಲಿ, ಗಿರಿಜಾ ಮುಂದಿನ ಕೋಣೆಯಲ್ಲಿ. ನಡುವೆ ಒಂದು ಸ್ಟೂಲು, ಅದರ ಮೇಲೆ ನನ್ನ ತಟ್ಟೆ. ಮನೆಯ ಸಾಮಾನು ತರುವ ಹೊತ್ತಿಗೇ ಸರಿಯಾಗಿ ಗೇಟು ಮುಚ್ಚಿದ್ದರಿಂದ ಅಡುಗೆಮನೆಯಲ್ಲಿ ಅಕ್ಕಿ, ಹಿಟ್ಟು, ತರಕಾರಿ ಎಲ್ಲ ಮುಗಿಯುತ್ತ ಬಂದಿತ್ತು. ಹಾಲಿನವನು ಮಾತ್ರ ದೂರದಿಂದ ಪಾಕೀಟು ಎಸೆದು ಓಡುತ್ತಿದ್ದ. ನೆರೆಯವರು ಕಿಟಕಿ ತೆರೆಯುವುದನ್ನೇ ಬಿಟ್ಟರು. ಯಾರಿಗಾದರೂ ಫೋನು ಮಾಡಿ ತರಿಸೋಣ ಎಂದು ಗಿರಿಜಾ ಎಂದರೆ, ನಾನು ಒಪ್ಪಲಿಲ್ಲ. ಊರಿಗೆಲ್ಲ ಹಂಚುವ ಬಳಗದ ಕಾರ್ಯದರ್ಶಿ ತಾನೇ ಕೈಯೊಡ್ಡುವುದೆಂದರೆ ಹೇಗೆ? ಮನೆಯಲ್ಲಿ ಬೇಕಾದಷ್ಟು ಇದ್ದದ್ದು ಒಂದೇ. ಹಂಚದೆ ಉಳಿದ ರವೆ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ರವೆ ಗಂಜಿ, ಸಂಜೆ ರವೆ ರೊಟ್ಟಿ. ಐದನೆಯ ದಿನ ಸ್ಟೂಲಿನ ಮೇಲೆ ಬಂದ ತಟ್ಟೆಯ ಪಕ್ಕದಲ್ಲಿ ನನ್ನ ಠರಾವಿನ ಪ್ರತಿಯೂ ಇತ್ತು. ‘ದಿನಾ ತಿಂದರೂ ಬೇಸರ ಬರುವುದಿಲ್ಲ’ ಎಂಬ ಸಾಲಿನ ಕೆಳಗೆ ಅವಳು ಗೆರೆ ಎಳೆದಿದ್ದಳು.

ತಿಂಗಳ ಕೊನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೆಳಗಿನ ಬೀದಿಯಲ್ಲಿ ಕೊಟ್ರಪ್ಪನವರ ದನಿ ಕೇಳಿತು. ನಮ್ಮದು ಮೊದಲ ಮಹಡಿ, ಮನೆ ಬೀದಿಯ ಉದ್ದಕ್ಕೇ ಇರುವುದರಿಂದ ಎರಡೂ ಕೋಣೆ ಬೀದಿಗೆ ಕಾಣುತ್ತವೆ. ನಾನು ಮಾಸ್ಕು ಹಾಕಿಕೊಂಡು ಹಿಂದಿನ ಕೋಣೆಯ ಬೀದಿ ಕಡೆಯ ಕಿಟಕಿಗೆ ಬಂದೆ. ಮೈಮೇಲೆ ತೂತು ಬನಿಯನ್ನು, ಹತ್ತು ದಿನದ ಬಿಳಿ ಗಡ್ಡ. ಕೆಳಗೆ ಏಳು ಜನ, ಅವರ ಬಳಿಯೇ ಉಳಿದಿದ್ದ ನಮ್ಮ ಮನೆಯ ಬಟ್ಟೆ ಒಣಗಿಸುವ ಹಗ್ಗ, ಹಿಂದೆ ಬ್ಯಾನರು. ಯಾರೂ ಸಿಗದೆ ಇವರು ನನ್ನ ಹತ್ತಿರವೇ ಬಂದಿದ್ದರು.

“ನೋಡ್ರಿ ಸೆಕ್ರೆಟ್ರಿ, ಈ ತಿಂಗಳು ನೀವೇ ನಮ್ಮ ಫಲಾನುಭವಿ. ಬ್ಯಾಡ ಅನ್ನಬ್ಯಾಡ್ರಿ, ಫಲಕ ಹೋಗ್ತೈತೆ” ಎಂದು ಕೊಟ್ರಪ್ಪನವರು ಕೂಗಿ ಹೇಳಿದರು. ಓಣಿಯ ಕಿಟಕಿಗಳೆಲ್ಲ ಅಂದು ತೆರೆದವು.

ನಾನು ನಾಚಿಕೆ, ಸಂಕಟ, ಫಲಕ ಈ ಮೂರರ ನಡುವೆ ತೂಗಾಡುತ್ತಿರುವಾಗಲೇ ಬೀದಿಯ ಇನ್ನೊಂದು ತುದಿಯಿಂದ ಒಂದು ಟೆಂಪೋ ಬಂದು ನಿಂತಿತು. ಅದರಿಂದ ಚಂದ್ರಪ್ಪ ಇಳಿದ. ಹಿಂದೆ ಹೊಳೆದಂಡೆ ಬಳಗದ ಇನ್ನೂ ಏಳು ಜನ ಇಳಿದರು. ಅವರ ಕೈಯಲ್ಲೂ ಒಂದು ಹಗ್ಗ, ನೀಲಿ ನೈಲಾನಿನದು, ನಮ್ಮದಕ್ಕಿಂತ ಉದ್ದ. ನನ್ನ ಉಪಾಯವನ್ನು ಅವನು ಯಾವಾಗಲೋ ಕದ್ದಿದ್ದ. ಅವನಿಗೂ ಆ ತಿಂಗಳು ಯಾರೂ ಸಿಕ್ಕಿರಲಿಲ್ಲ ಎಂಬುದು ನನಗಾಗ ತಿಳಿಯಿತು. ಕೊಟ್ರಪ್ಪನವರಿಗೂ ಚಂದ್ರಪ್ಪನಿಗೂ ಯಾರು ಮೊದಲು ಬಂದದ್ದೆಂದು ವಾದ ಹತ್ತಿತು. ನಾವು ಬಂದು ಕಾಲು ಗಂಟೆಯಾಯಿತೆಂದು ಇವರು. ಬಂದದ್ದಲ್ಲ, ಕೈ ಸೇರಿದ್ದು ಮುಖ್ಯ, ನಿಮ್ಮ ಕಾರ್ಯದರ್ಶಿಯೇ ಮಾಡಿದ ನಿಯಮ ಎಂದು ಅವನು. ಎರಡೂ ಬಳಗದವರು ಹಗ್ಗದ ಒಂದೊಂದು ತುದಿಯನ್ನು ಮೇಲಕ್ಕೆಸೆದರು. ಗಿರಿಜಾ ಮುಂದಿನ ಬಾಲ್ಕನಿಗೆ ಬಂದು ಎರಡನ್ನೂ ಹಿಡಿದಳು. ಒಂದು ಕೈಯಲ್ಲಿ ದಾವಣಗೆರೆ, ಇನ್ನೊಂದು ಕೈಯಲ್ಲಿ ಹರಿಹರ. ಕೆಳಗೆ ಹದಿನೈದು ಜನ ಉಸಿರು ಬಿಗಿಹಿಡಿದು ನಿಂತರು.

ನಾನು ಕಿಟಕಿಯಿಂದ ಕತ್ತು ಚಾಚಿ, ಮೊದಲು ನಮ್ಮದನ್ನು ಎಳೆ, ಹನ್ನೊಂದು ವರ್ಷದ ಮರ್ಯಾದೆ ಎಂದು ಪಿಸುಗುಟ್ಟಿದೆ. ಅವಳು ಮೊದಲು ಕೆಳಗಿನ ಎರಡು ಚೀಲಗಳನ್ನು ನೋಡಿದಳು, ಆಮೇಲೆ ನನ್ನನ್ನು.

“ಅದರಾಗ ಏನೈತೆ ಅಂತ ನಿಮಗ ಗೊತ್ತೈತಲ್ರಿ. ನೀವೇ ಕಟ್ಟಿದ್ದು” ಎಂದಳು.

ನೀಲಿ ಹಗ್ಗವನ್ನು ಎಳೆದಳು. ಅದರ ತುದಿಯಲ್ಲಿದ್ದದ್ದು ಉಮಾಳ ಕೈಚೀಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಡಬ್ಬಿ ತುಂಬ ಎಣ್ಣೆಗಾಯಿ, ಅದರ ಕೆಳಗೆ ಒಂದಿಷ್ಟು ಅಕ್ಕಿ, ಬೇಳೆ, ಮಾತ್ರೆ, ಆಮ್ಲಜನಕ ಎಷ್ಟಿದೆಯೆಂದು ನೋಡಲು ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರ. ಎಣ್ಣೆಗಾಯಿಯ ವಾಸನೆ ನನಗೆ ಹತ್ತಲಿಲ್ಲ, ಜ್ವರದಿಂದ ಮೂಗು ಸತ್ತಿತ್ತು. ಗಿರಿಜಾಳ ಮುಖ ನೋಡಿಯೇ ವಾಸನೆ ಹೇಗಿರಬಹುದೆಂದು ತಿಳಿದುಕೊಂಡೆ. ಆಮೇಲೆ ಎರಡನೆಯದಾಗಿ ನಮ್ಮ ಬಳಗದ ರವೆಯೂ ಮೇಲೆ ಬಂತು.

ಚಂದ್ರಪ್ಪ ಗೆದ್ದ ಸಂಭ್ರಮದಲ್ಲಿ ಕುಣಿಯುತ್ತಾನೆಂದು ನಾನು ಎಣಿಸಿದ್ದೆ. ಅವನು ನನ್ನ ಕಿಟಕಿಯ ಕೆಳಗೆ ಬಂದು, ಮುಖ ಮೇಲೆತ್ತಿ, ಉಸಿರು ಕಟ್ಟುತ್ತದೆಯೇ, ರಾತ್ರಿ ನಿದ್ದೆ ಬರುತ್ತದೆಯೇ, ಆ ಯಂತ್ರಕ್ಕೆ ಬೆರಳಿಟ್ಟು ಈಗಲೇ ಎಷ್ಟು ಬರುತ್ತದೆ ಹೇಳು ಎಂದು ಕೇಳಿದ. ಗಿರಿಜಾ ಸ್ಟೂಲಿನ ಮೇಲಿಟ್ಟ ಯಂತ್ರಕ್ಕೆ ಬೆರಳಿಟ್ಟು ನಾನು ತೊಂಬತ್ತೇಳು ಎಂದೆ. ಅವನು ಅದನ್ನು ಕೊಟ್ರಪ್ಪನವರಿಗೆ ಹೇಳಿದ. ಅವರು ಸಾಲಿನವರಿಗೆಲ್ಲ ತೊಂಬತ್ತೇಳು, ತೊಂಬತ್ತೇಳು ಎಂದು ಕೂಗಿದರು. ಎರಡು ಊರಿನ ಹದಿನೈದು ಜನ ಚಪ್ಪಾಳೆ ತಟ್ಟಿದರು. ಆಗ ನೋಡಿದರೆ, ನೋವಿನ ಮಂಡಿಯ ಕೊಟ್ರಪ್ಪನವರು ಬಂದಾಗಿನಿಂದ ಕೂತೇ ಇರಲಿಲ್ಲ. ಬೆಲ್ಲದ ಅಂಗಡಿಯ ಗದ್ದುಗೆ ಬಿಟ್ಟು ಏಳದವರು ಬಿಸಿಲಿನಲ್ಲಿ ಹಗ್ಗ ನೆಲಕ್ಕೆ ತಾಗದ ಹಾಗೆ ಹಿಡಿದುಕೊಂಡೇ ನಿಂತಿದ್ದರು. ನನಗೆ ಏನೋ ಹೇಳಬೇಕೆನಿಸಿತು. ಮಾತು ಹೊರಡಲಿಲ್ಲ. ಕಣ್ಣಲ್ಲಿ ನೀರು ಬಂತು. ಬೇರೆ ಏನು ಮಾಡಬೇಕೆಂದು ತೋಚದೆ ಕೈಮುಗಿದೆ. ಮುಗಿದ ಮೇಲೆ ಹೊಳೆಯಿತು, ಇಷ್ಟು ವರ್ಷ ನಾನು ಬರೆದ ಸಾಲಿನಲ್ಲಿದ್ದದ್ದನ್ನೇ ಒಂದೂ ಬಿಡದೆ ಮಾಡಿದ್ದೆ.

ಮರುದಿನದ ಪತ್ರಿಕೆಯಲ್ಲಿ ಒಂದೇ ಪುಟದಲ್ಲಿ ಎರಡು ಸುದ್ದಿ. ಎಡಕ್ಕೆ ನೆರಳು-ನೀರು ಬಳಗ, ಬಲಕ್ಕೆ ಹೊಳೆದಂಡೆ ಬಳಗ. ಎರಡರಲ್ಲೂ ಅಕ್ಷರ ಅಕ್ಷರ ಒಂದೇ ಒಕ್ಕಣೆ: ‘ಅಸಹಾಯಕ ವೃದ್ಧರಾದ ಶ್ರೀ ಹಾಲೇಶಪ್ಪ ಇವರಿಗೆ...’ ಹಾಲೇಶಪ್ಪ ಎಂದರೆ ನಾನೇ. ನನಗಾಗ ಐವತ್ತೆರಡು. ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಕಣ್ತುಂಬಿ ಬಂದು ಕೈಮುಗಿದಿದ್ದೆ. ಮಂಜುನಾಥನ ಫೋಟೋದಲ್ಲಿ ತೂತು ಬನಿಯನ್ನು ಸ್ಪಷ್ಟವಾಗಿ ಬಂದಿತ್ತು. ಕಾಲೇಜಿನ ಪ್ರಿನ್ಸಿಪಾಲರು ಫೋನು ಮಾಡಿ, ಹಾಲೇಶಪ್ಪನವರೇ, ಸಂಬಳ ಸರಿಯಾಗಿ ಬರುತ್ತಿದೆ ತಾನೇ ಎಂದು ಕಳವಳದಿಂದ ವಿಚಾರಿಸಿದರು. ದೂರದ ನೆಂಟರೊಬ್ಬರು, ಮಕ್ಕಳು ನೋಡಿಕೊಳ್ಳುತ್ತಿಲ್ಲವೇ ಎಂದು ಕೇಳಿದರು. ನನ್ನ ಒಬ್ಬಳೇ ಮಗಳು ಆಗಿನ್ನೂ ಪಿಯುಸಿ ಓದುತ್ತ, ಅಜ್ಜಿಯ ಊರಿನಲ್ಲಿ ಸಿಕ್ಕಿಕೊಂಡಿದ್ದಳು.

ವಾರ ಕಳೆದ ಮೇಲೆ ಮಹಾಮಂಡಳಿಯಿಂದ ಪತ್ರ ಬಂತು. ಒಬ್ಬನೇ ಫಲಾನುಭವಿಯನ್ನು ಎರಡು ಬಳಗಗಳು ತೋರಿಸಿರುವುದರಿಂದ, ಯಾರ ಪೊಟ್ಟಣ ಮೊದಲು ಕೈ ಸೇರಿತೆಂಬ ಬಗ್ಗೆ ಸದರಿ ವೃದ್ಧರಿಂದ ಲಿಖಿತ ಹೇಳಿಕೆ ಪಡೆದು ಕಳಿಸತಕ್ಕದ್ದು ಎಂದು ನೆರಳು-ನೀರು ಬಳಗದ ಕಾರ್ಯದರ್ಶಿಗೆ ಸೂಚನೆ. ಅಂದರೆ ನಾನು ನನ್ನಿಂದಲೇ ಹೇಳಿಕೆ ಪಡೆಯಬೇಕು. ಕಚೇರಿಯ ಅಭ್ಯಾಸ ಬಿಡದೆ ಮೊದಲು ಕಾರ್ಯದರ್ಶಿಯಾಗಿ ಫಲಾನುಭವಿಗೆ ಒಂದು ಪತ್ರ ಬರೆದೆ. ಏಳು ದಿನದೊಳಗೆ ಉತ್ತರಿಸಬೇಕೆಂದು ನನಗೆ ನಾನೇ ಗಡುವು ಕೊಟ್ಟೆ.

ಹೇಳಿಕೆ ಮಾತ್ರ ಮಹಾಮಂಡಳಿಯ ಪತ್ರ ಬರುವ ಮೊದಲೇ ಬರೆದಿಟ್ಟಿದ್ದೆ ಎಂದು ಹೇಳಬೇಕಾಗಿಲ್ಲ. ಅದರಲ್ಲಿ ನೆರಳು-ನೀರಿನ ಪೊಟ್ಟಣವೇ ಮೊದಲು ಕೈ ಸೇರಿತು ಎಂದಿತ್ತು. ಯಾರು ಕೇಳುತ್ತಾರೆ? ಕೆಳಗಿನವರಿಗೆ ಬಾಲ್ಕನಿಯ ಒಳಗೆ ಏನಾಯಿತೆಂದು ಕಂಡಿಲ್ಲ. ಗಿರಿಜಾ ನೀಲಿ ಚೀಲವನ್ನು ಕಟಾಂಜನಕ್ಕೆ ತೂಗುಹಾಕಿ, ನಮ್ಮದನ್ನೇ ಮೊದಲು ಒಳಗೆ ತೆಗೆದುಕೊಂಡಳು ಎಂದರೆ ಆಯಿತು. ಕೊಟ್ರಪ್ಪನವರೂ ಫೋನಿನಲ್ಲಿ, ಹೆಂಗರ ಮಾಡಿ ಬರೀರಿ ಎಂದಿದ್ದರು. ನಾನು ಸಹಿ ಹಾಕಲು ಕುಳಿತೆ. ಸ್ಟೂಲಿನ ಮೇಲೆ ತಟ್ಟೆ ಇಡಲು ಬಂದ ಗಿರಿಜಾ ಬಾಗಿಲಾಚೆಯಿಂದ ಕಾಗದವನ್ನು ಓದಿದಳು. ತಟ್ಟೆಯಲ್ಲಿ ಉಮಾಳ ರೊಟ್ಟಿ ಇನ್ನೂ ಎರಡು ಉಳಿದಿದ್ದವು.

“ರೊಟ್ಟಿ ತಿಂದು ರವೆ ಅಂತ ಬರೀತೀರೇನು?” ಎಂದಳು.

ಅವಳು ಜಗಳದ ದನಿಯಲ್ಲಿ ಕೇಳಿದ್ದರೆ ನಾನು ಸಹಿ ಹಾಕಿಬಿಡುತ್ತಿದ್ದೆ. ಸುಮ್ಮನೆ ಕೇಳಿ ಒಳಗೆ ಹೋದಳು. ನಾನು ಆ ಕಾಗದವನ್ನು ಹರಿದು ಹೊಸದೊಂದನ್ನು ತೆಗೆದುಕೊಂಡೆ. ಏನಾಯಿತೋ ಅದನ್ನು ಆದ ಮೇಲೆ ಬರೆಯುವುದು ಎಷ್ಟು ಕಷ್ಟ ಎಂಬುದು ನನಗೆ ಅಂದೇ ತಿಳಿದದ್ದು. ಕೈ ತಾನಾಗಿ ಓಡುವುದಿಲ್ಲ, ನೆನಪಿಸಿಕೊಂಡು ಬರೆಯಬೇಕಾಗುತ್ತದೆ. ಮೊದಲು ಕೈ ಸೇರಿದ್ದು ಹರಿಹರದ ಚೀಲ ಎಂದು ಬರೆದೆ. ಅದರಲ್ಲಿ ರೊಟ್ಟಿ ಇತ್ತು, ನಾವು ಹಸಿದಿದ್ದೆವು ಎಂದು ಬರೆದೆ. ಫಲಾನುಭವಿ ವೃದ್ಧನಲ್ಲ, ಆದರೆ ಆ ದಿನ ಅಸಹಾಯಕನಾಗಿದ್ದದ್ದು ಹೌದು ಎಂದೂ, ಕಣ್ತುಂಬಿ ಬಂದದ್ದು ಎರಡೂ ಬಳಗಗಳನ್ನು ನೋಡಿ, ಆದ್ದರಿಂದ ಅದನ್ನು ಸಮನಾಗಿ ಹಂಚಿಕೊಳ್ಳಬಹುದು ಎಂದೂ ಬರೆದು ಸಹಿ ಮಾಡಿದೆ. ಕೆಳಗೆ ಕಾರ್ಯದರ್ಶಿಯಾಗಿ ಇನ್ನೊಂದು ಸಹಿ ಹಾಕಿ, ‘ಸದರಿ ವ್ಯಕ್ತಿಯ ಸಹಿ ನನ್ನ ಸಮಕ್ಷಮದಲ್ಲಿ ಆದದ್ದು’ ಎಂದು ದೃಢೀಕರಿಸಿದೆ.

ಫಲಕ ಹೋಯಿತು. ಕೊಟ್ರಪ್ಪನವರು ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ಒಂದು ಪೆಂಟೆ ಬೆಲ್ಲ ಕಳಿಸಿ, ಇನ್ನು ಮೇಲೆ ಪೊಟ್ಟಣದಲ್ಲಿ ರವೆ ಬೇಡ ಎಂದು ಹೇಳಿಕಳಿಸಿದರು. ಚಂದ್ರಪ್ಪನಿಗೆ ಫಲಕವನ್ನು ಆರಡಿ ಅಂತರದಲ್ಲೇ ಹಸ್ತಾಂತರಿಸಿದೆವು. ಎರಡು ಹಗ್ಗ ಬಿಗಿದು ಬಾಲ್ಕನಿಯಿಂದ ಇಳಿಸುವಾಗ ಹದಿನಾರು ಜನ ಹಿಡಿದಿದ್ದರು. ಅವನು ಕರವಸ್ತ್ರ ತೆಗೆದು ಹಿತ್ತಾಳೆಯ ಕೈಗಳನ್ನು ಒರೆಸಲು ಹೋಗಿ, ಧೂಳಿಲ್ಲದ್ದನ್ನು ಕಂಡು, ಮೇಲೆ ನನ್ನ ಕಡೆ ನೋಡಿದ. ಹಿಂದಿನ ದಿನ ನಾನೇ ಒರೆಸಿಟ್ಟಿದ್ದೆ. ಈಗ ನಮ್ಮ ಶೋಕೇಸಿನಲ್ಲಿ ಪಿಂಗಾಣಿ ಕಪ್ಪುಗಳಿವೆ, ಹಗ್ಗದ ಮೇಲೆ ಬಟ್ಟೆಗಳಿವೆ. ನಾನೂ ಸುಧಾರಿಸಿದ್ದೇನೆ ಎಂದು ಗಿರಿಜಾ ತನ್ನ ತಂಗಿಗೆ ಫೋನಿನಲ್ಲಿ ಹೇಳಿದ್ದು ಕಿವಿಗೆ ಬಿತ್ತು. ಅವಳಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಆ ಹೇಳಿಕೆ ನನ್ನ ಬರವಣಿಗೆಯಲ್ಲೇ ಬಹಳ ಚೆನ್ನಾಗಿ ಬಂದದ್ದು, ಅಷ್ಟು ಪ್ರಾಮಾಣಿಕವಾದ ಒಕ್ಕಣೆ ಮತ್ತೆ ಕೈಗೆ ಬರುವುದು ಕಷ್ಟ. ಆದ್ದರಿಂದ ಹೆಸರಿನ ಜಾಗ ಖಾಲಿ ಬಿಟ್ಟು ಅದರ ಹತ್ತು ಪ್ರತಿ ತೆಗೆದಿಟ್ಟುಕೊಂಡಿದ್ದೇನೆ.